ಗೇಟಿನವರೆಗೆ ನಡೆಯುವ ವಿದ್ಯೆ

"ಸ್ಟೆಪ್ನಿ ಬರಲ್ಲ ನೆವ್. ಅದರ ಬದ್ಲು ಈ ಬಾಟ್ಲಿ ಬರುತ್ತೆ. ಪಂಕ್ಚರ್ ಆದ್ರೆ ಇದನ್ನ ಟೈರಿಗೆ ಸಿಕ್ಕಿಸಿ ಒತ್ತಿದ್ರೆ ಒಳಗೆಲ್ಲ ನೊರೆ ತುಂಬ್ಕೊಳ್ಳುತ್ತೆ. ಆಮೇಲೆ ಹೊರಡ್ತಾ ಇರೋದು, ಅಷ್ಟೇ."

ಹೀಗೆಂದವಳು ಟಾಲಿಯಾ, ಸಿಡ್ನಿಯಿಂದ ಬಹುದೂರದ ಒಳನಾಡಿನ ಪಟ್ಟಣ ಡಬ್ಬೋದ ಹೆದ್ದಾರಿ ಪಕ್ಕದ ಕಾರು ಅಂಗಡಿಯ ಹುಡುಗಿ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನ್ನ ಗಂಡ ನೆವ್ ಸೊಂಟದವರೆಗೆ ಡಿಕ್ಕಿಯೊಳಗೆ ಇಳಿದು, ಅಲ್ಲಿನ ರಟ್ಟಿನಂಥ ಹಾಸನ್ನು ಎತ್ತಿ, ಅದರ ಕೆಳಗೆ ಯಾರೋ ಚಕ್ರವನ್ನು ಬಚ್ಚಿಟ್ಟಿದ್ದಾರೇನೋ ಎಂಬಂತೆ ತಡಕಾಡುತ್ತಿದ್ದ. ಹೊರಗೆ ಬಂದಾಗ ಅವನ ಮುಖ ಕೆಂಪಗಾಗಿತ್ತು. ಫೆಬ್ರವರಿಯ ಬಿಸಿಲೂ ಸೇರಿತ್ತು ಅನ್ನಿ.

"ನಮ್ಮೂರ ಕಡೆ ಐವತ್ತು ಕಿಲೋಮೀಟರ್ ಮಣ್ಣಿನ ರಸ್ತೆ ಕಣಮ್ಮಾ. ಕಲ್ಲು ಹೊಡೆದು ಟೈರಿನ ಪಕ್ಕಾನೇ ಸೀಳ್ಕೊಂಡು ಹೋದ್ರೆ ಈ ನೊರೇಲಿ ನಾನೇನು ಗಡ್ಡ ಬೋಳಿಸ್ಕೊಳ್ಲಾ?"

"ಸ್ಟೆಪ್ನಿ ಬೇಕೇ ಬೇಕು ಅಂದ್ರೆ ತರಿಸ್ಕೊಡ್ತೀವಿ. ಒಂಬೈನೂರ ಎಂಬತ್ತು ಡಾಲರ್. ಆದ್ರೆ ಇಡೋಕೆ ಜಾಗ ಇಲ್ಲ."

"ಇಲ್ದಿರೋ ಜಾಗಕ್ಕೆ ಒಂಬೈನೂರ ಎಂಬತ್ತಾ?"

"ಅದು ಚಕ್ರಕ್ಕೆ ನೆವ್. ಜಾಗ ನಿಮ್ಮದು."

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ನೆವ್ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ, 'ಲೊರೆಲ್, ನೀನು ಯಾರ ಪಕ್ಷ?' ಎಂಬ ಪ್ರಶ್ನೆ ಇತ್ತು. ಮೂವತ್ಮೂರು ವರ್ಷದ ಸಂಸಾರದಲ್ಲಿ ಈ ನೋಟವನ್ನು ಬೇಕಾದಷ್ಟು ಕಂಡಿದ್ದೇನೆ.

ನಾವು ಬಂದದ್ದು ನಿಂಗನ್‌ನಿಂದ, ನೂರ ಅರವತ್ತೈದು ಕಿಲೋಮೀಟರ್. ಸುಮ್ಮನೆ ನೋಡಿ ಹೋಗಲು ಬಂದವರಲ್ಲ. ನನ್ನ ಹತ್ತೊಂಬತ್ತು ವರ್ಷದ ಕಾರು ಹಿಂದಿನ ವಾರ ವರ್ಷದ ತಪಾಸಣೆಯಲ್ಲಿ ಫೇಲಾಗಿತ್ತು. ಗ್ಯಾರೇಜಿನವನು ಕಾರಿನ ಅಡಿಗೆ ತೂರಿ ನೋಡಿ ಎದ್ದುಬಂದು, ಕೈ ಒರೆಸಿಕೊಳ್ಳುತ್ತಾ, "ಲೊರೆಲ್, ಇದರ ತಳಾನ ತುಕ್ಕೇ ಹಿಡ್ಕೊಂಡು ನಿಲ್ಲಿಸಿದೆ. ತುಕ್ಕು ಕೆರೆದ್ರೆ ಕಾರೇ ಇರಲ್ಲ" ಎಂದ. ತಪಾಸಣೆಯ ಗುಲಾಬಿ ಚೀಟಿ ಕೊಡಲಿಲ್ಲ. ಆ ಚೀಟಿ ಇಲ್ಲದೆ ನೋಂದಣಿ ಮುಂದುವರಿಯದು. ನೋಂದಣಿ ಮುಗಿಯುವುದು ಬರುವ ಶುಕ್ರವಾರ. ನಾವು ಡಬ್ಬೋದಲ್ಲಿ ನಿಂತಿದ್ದದ್ದು ಮಂಗಳವಾರ.

ಕಾರಿಲ್ಲದಿದ್ದರೆ ನನಗೆ ಕೆಲಸವಿಲ್ಲ. ಮುದುಕರ ಮನೆಮನೆಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನದು. ಎರಡು ವಾರ ತಪ್ಪಿಸಿದರೆ ನನ್ನ ಮನೆಗಳನ್ನೆಲ್ಲ ಬೇರೆಯವರಿಗೆ ಹಂಚುತ್ತೇವೆ ಎಂದು ಕಚೇರಿಯವರು ಮೆತ್ತಗಿನ ದನಿಯಲ್ಲೇ ಹೇಳಿದ್ದರು. ಅದರಲ್ಲೂ ಈನಿಡ್ ಇದ್ದಾಳಲ್ಲ, ಊರಿಂದ ನಲವತ್ತೆಂಟು ಕಿಲೋಮೀಟರ್ ದೂರದ ಕುರಿ ಸಾಕುವ ದೊಡ್ಡ ಜಮೀನಿನ ತೊಂಬತ್ತೊಂದರ ಮುದುಕಿ, ಅವಳು ನನ್ನನ್ನು ಬಿಟ್ಟು ಇನ್ಯಾರಿಗೂ ಬಚ್ಚಲಮನೆಯ ಬಾಗಿಲು ತೆಗೆಯುವುದಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಬೇರೊಬ್ಬಳನ್ನು ಕಳಿಸಿದ್ದರು. ಈನಿಡ್ ಅವಳಿಗೆ ಚಹಾ ಕೊಟ್ಟು, ಬಿಸ್ಕತ್ತು ಕೊಟ್ಟು, "ನಾನು ಬೆಳಿಗ್ಗೆನೇ ಸ್ನಾನ ಮಾಡ್ದೆ" ಎಂದು ಹಸಿಸುಳ್ಳು ಹೇಳಿ ಸಾಗಹಾಕಿದ್ದಳು. ಒಂಬತ್ತು ದಿನ ಸ್ನಾನವಿಲ್ಲದೆ ಕೂತಿದ್ದಳು. ನೆವ್‌ನ ಟ್ರಕ್ಕನ್ನೇ ತೆಗೆದುಕೊಂಡು ಹೋಗೋಣವೆಂದರೆ, ಅವನು ಬೇಲಿ ಕಟ್ಟುವ ಕೆಲಸಕ್ಕೆ ಬೆಳಿಗ್ಗೆ ಐದಕ್ಕೆ ಅದರಲ್ಲೇ ಹೊರಡುತ್ತಾನೆ. ಮೇಲಾಗಿ ಈನಿಡ್‌ಳನ್ನು ಅದಕ್ಕೆ ಹತ್ತಿಸಬೇಕಾದರೆ ಏಣಿ ಬೇಕು.

ಆರು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಅಳತೆಯ ಕಾರು, ಎಲ್ಲ ಸೇರಿ ಇಪ್ಪತ್ತೊಂದು ಸಾವಿರದ ಒಂಬೈನೂರ ತೊಂಬತ್ತಕ್ಕೆ ನಿಂತಿತ್ತು. ಸ್ಟೆಪ್ನಿ ಸಮೇತ. ನಾನು ಬಾಗಿಲು ತೆಗೆದು ಕೂತೂ ಆಗಿತ್ತು. ನೆವ್ ಬಗ್ಗಿ ನನ್ನ ಕಿವಿಯಲ್ಲಿ, "ಜೂನ್ ತನಕ ತಡಿ ಕಣೇ. ಲೆಕ್ಕದ ವರ್ಷ ಮುಗಿಯೋ ಹೊತ್ತಿಗೆ ಇವರೇ ಕಾಲಿಗೆ ಬೀಳ್ತಾರೆ" ಎಂದ. ಜೂನ್ ಬಂತು. ಇನ್ನೂರು ಇಳಿಯಿತು. ಇನ್ನೂರಕ್ಕೆ ಯಾರು ಬಗ್ಗುತ್ತಾರೆ, ಮುಂದಿನ ಜೂನ್ ನೋಡೋಣ ಎಂದ. ಮುಂದಿನ ಜೂನ್ ಹೊತ್ತಿಗೆ ಜಗತ್ತಿಗೇ ಜಡ್ಡು ಬಂದಿತ್ತು, ಅಂಗಡಿಯಲ್ಲಿ ಕಾರೇ ಇರಲಿಲ್ಲ. ಅದರಾಚೆಯ ಜೂನಿನಲ್ಲಿ ಬೆರಳಿನುಗುರಿನಷ್ಟು ಯಾವುದೋ ಚಿಪ್ ಸಿಗದೆ ಹನ್ನೊಂದು ತಿಂಗಳು ಕಾಯಬೇಕೆಂದರು. ಹಳೆಯ ಕಾರುಗಳು ಹೊಸದಕ್ಕಿಂತ ದುಬಾರಿಯಾಗಿ ಕೂತಿದ್ದವು. ಆಮೇಲಿನ ಜೂನಿನಲ್ಲಿ ಅಗ್ಗದ ಸಣ್ಣ ಕಾರು ತರಿಸುವುದನ್ನೇ ನಿಲ್ಲಿಸಿಬಿಟ್ಟೆವು ಎಂದರು. ಪ್ರತಿ ಸಲವೂ ಬೆಲೆ ಎರಡು ಮೆಟ್ಟಿಲು ಮೇಲೆ ಹತ್ತಿ ನಿಂತು ನಮ್ಮನ್ನೇ ನೋಡುತ್ತಿತ್ತು. ಪ್ರತಿ ಸಲವೂ ನೆವ್, "ಇದು ನಿಲ್ಲಲ್ಲ ಕಣೇ, ಇಳಿದೇ ಇಳಿಯುತ್ತೆ" ಎನ್ನುತ್ತಿದ್ದ. ಮಳೆಯ ಬಗ್ಗೆ ಮಾತಾಡಿದಂತೆ.

"ಬನ್ನಿ, ಒಳಗೆ ಕೂತು ನೋಡಿ ಲೊರೆಲ್" ಎಂದಳು ಟಾಲಿಯಾ.

ಕೂತೆ. ಎದುರಿಗೆ ನಮ್ಮ ಅಡುಗೆಮನೆಯ ಟೀವಿಗಿಂತ ದೊಡ್ಡ ಪರದೆ. ಬಾಗಿಲು ಹಾಕಿದೆ, ಕಾರು ಕೀಚ್ ಎಂದಿತು. ಸೀಟಿನ ಪಟ್ಟಿ ಹಾಕಿಕೊಂಡೆ, ಇನ್ನೊಂದು ರಾಗದಲ್ಲಿ ಕೀಚ್ ಎಂದಿತು. ನೆವ್ ಮುಂದೆ ಬಂದು ನಿಂತ, ಅವನನ್ನು ನೋಡಿ ಒಂದೇ ಸಮನೆ ಅರಚಿಕೊಂಡಿತು.

"ಏನಂತೆ ಇದಕ್ಕೆ?"

"ಮುಂದೆ ಏನೋ ಅಡ್ಡ ಇದೆ ಅಂತ ಹೇಳ್ತಿದೆ."

"ಮೂವತ್ಮೂರು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಿ" ಎಂದೆ. ಟಾಲಿಯಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಬೇಕಾಗಿಲ್ಲ ಇವೆಲ್ಲ" ಎಂದ ನೆವ್. "ಈ ಪರದೆ ಕಿತ್ತುಹಾಕಿ, ಈ ಕೀಚ್‌ಕೀಚ್ ಕಿತ್ತುಹಾಕಿ, ಎಷ್ಟಾಗುತ್ತೋ ಅಷ್ಟು ಕಮ್ಮಿ ಮಾಡಿ. ಕಿಟಕಿ ಗಾಜಿಗೆ ಕೈಯಲ್ಲಿ ತಿರುಗಿಸೋ ಹಿಡಿ ಇದ್ರೂ ಸಾಕು ಇವಳಿಗೆ."

"ಹಂಗೆ ಬರೋದೇ ಇಲ್ಲ ನೆವ್. ಕಾರು ತಾನೇ ಬ್ರೇಕ್ ಹಾಕ್ಕೋಬೇಕು ಅಂತ ಈಗ ಕಾನೂನೇ ಇದೆ."

"ಇವಳಿಗೆ ಬ್ರೇಕ್ ಹಾಕೋಕೆ ಬರುತ್ತಮ್ಮಾ. ಸರಿ, ಮುಂದೆ ಅಡ್ಡಕ್ಕೆ ಹಾಕೋ ಕಬ್ಬಿಣದ ಬಾರು? ಕಾಂಗರೂ ಅಡ್ಡ ಬಂದ್ರೆ?"

"ಮುಂದಿನ ಬಂಪರ್‌ನಲ್ಲೇ ಸೆನ್ಸರ್ ಇರೋದು. ಮಾಮೂಲಿ ಬಾರು ಹಾಕಿದ್ರೆ ಅದಕ್ಕೆ ಕಣ್ಣು ಕಾಣಲ್ಲ. ಇದಕ್ಕೇಂತ ಮಾಡಿರೋ ಬಾರು ಬೇರೆ ಇದೆ. ಮೂರು ಸಾವಿರದ ಎಂಟುನೂರು."

ನೆವ್ ಟೋಪಿ ತೆಗೆದು ಅದರೊಳಗೆ ನೋಡಿದ. ಟೋಪಿಯಲ್ಲಿ ಏನಿರುತ್ತದೆ? ಮತ್ತೆ ಹಾಕಿಕೊಂಡ.

ಗಾಜಿನ ಮೇಲೆ ಅಂಟಿಸಿದ್ದ ಬೆಲೆ ಇಪ್ಪತ್ತಾರು ಸಾವಿರದ ಒಂಬೈನೂರ ತೊಂಬತ್ತು. ಅದನ್ನು ನೋಡಿ ನನಗೆ ಜೀವ ಬಂದಿತ್ತು. ನಮ್ಮಲ್ಲಿ ಇಪ್ಪತ್ತೊಂಬತ್ತು ಸಾವಿರದ ಚಿಲ್ಲರೆ ಇತ್ತು. ಆದರೆ ನೆರಳಿಗೆ ಹೋಗಿ ಮೇಜಿನ ಮುಂದೆ ಕೂತಾಗ ಟಾಲಿಯಾ ಹಾಳೆಯೊಂದನ್ನು ನಮ್ಮ ಕಡೆ ತಿರುಗಿಸಿದಳು. ಕೆಳಗಿನ ಸಾಲಿನಲ್ಲಿ ಮೂವತ್ತೊಂದು ಸಾವಿರದ ನಾನೂರ ತೊಂಬತ್ತು ಎಂದಿತ್ತು. ನೋಂದಣಿ, ವಿಮೆ, ಸರ್ಕಾರದ ತೆರಿಗೆ, ಇವಕ್ಕೆ ನೆವ್ ಗೊಣಗಿ ಸುಮ್ಮನಾದ.

"ಇದೇನು, ಬಣ್ಣ, ಐನೂರ ತೊಂಬತ್ತೈದು?"

"ಬಿಳಿ ಬಣ್ಣಕ್ಕೆ."

"ಬಿಳೀಗೂ ದುಡ್ಡಾ? ಬಿಳಿ ಅಂದ್ರೆ ಬಣ್ಣ ಇಲ್ಲ ಅಂತಲ್ವಾ?"

"ಸಾಸಿವೆ ಹಳದಿ ಒಂದೇ ಪುಕ್ಕಟೆ. ಅದು ಬರೋದು ಜುಲೈಗೆ."

"ಮತ್ತೆ ಇದು? ಅಂಗಡಿ ಖರ್ಚು, ಸಾವಿರದ ಒಂಬೈನೂರ ತೊಂಬತ್ತೈದು?"

"ಕಾರನ್ನ ತಯಾರು ಮಾಡಿ ಕೈಗೆ ಕೊಡೋದಕ್ಕೆ. ಪ್ಲಾಸ್ಟಿಕ್ ಕೀಳೋದು, ತೊಳೆಯೋದು, ಪರೀಕ್ಷೆ ಮಾಡೋದು..."

"ಅದನ್ನೇ ಎರಡು ಸಾವಿರಕ್ಕೆ ಮಾಡ್ತೀರಾ? ಈ ಕೆಲಸ ನಂಗೆ ಕೊಡಮ್ಮಾ, ಬೇಲಿ ಕಟ್ಟೋದು ಬಿಟ್ಬಿಡ್ತೀನಿ. ಬೆಳಿಗ್ಗೆ ನಾಲ್ಕು ತೊಳೀತೀನಿ, ಮಧ್ಯಾಹ್ನ ನಾಲ್ಕು ತೊಳೀತೀನಿ."

"ನಂಗೂ ಅದೇ ಆಸೆ ನೆವ್. ಆ ದುಡ್ಡು ನಂಗೇನೂ ಬರಲ್ಲ."

"ಸರಿ. ಕೇಳು. ಎಲ್ಲ ಸೇರಿ ಇಪ್ಪತ್ತೆಂಟು. ಇವತ್ತೇ, ಈಗ್ಲೇ. ಕೈ ಕೊಡು."

ಟಾಲಿಯಾ ಕೈ ಕೊಡಲಿಲ್ಲ. ನಿಧಾನವಾಗಿ, ಕಿವಿ ಮಂದವಾದವರಿಗೆ ಹೇಳುವಂತೆ ಹೇಳಿದಳು. "ಈ ಕಂಪನೀಲಿ ಚೌಕಾಸಿ ಇಲ್ಲ. ಪೆರ್ತ್‌ನಲ್ಲೂ ಇದೇ ಬೆಲೆ, ಸಿಡ್ನೀಲೂ ಇದೇ ಬೆಲೆ. ಕಂಪ್ಯೂಟರಲ್ಲಿ ಬರುತ್ತೆ. ನಾನು ಇಳಿಸೋಕೆ ಹೋದ್ರೆ ಆ ಡಬ್ಬ ಬಿಲ್ಲೇ ಹಾಕಲ್ಲ. ನಾವು ಬೀಗದ ಕೈ ಕೊಡೋರು ಅಷ್ಟೇ."

ಮೇಜಿನ ಕೆಳಗೆ ನೆವ್‌ನ ಬೂಟು ನನ್ನ ಪಾದವನ್ನು ಮೆಲ್ಲಗೆ ಒತ್ತಿತು. ಅದರ ಅರ್ಥ ನನಗೆ ಗೊತ್ತಿತ್ತು. ಗೇಟಿನ ವಿದ್ಯೆ.

ಇದನ್ನು ಅವನಿಗೆ ಕಲಿಸಿದವನು ಅವನ ಅಪ್ಪ. ಮಾತು ಮುರಿದುಬಿದ್ದ ಕೂಡಲೇ ಎದ್ದು, ಟೋಪಿ ಸರಿಮಾಡಿಕೊಂಡು, "ಸರಿ ಹಾಗಾದ್ರೆ, ನಿಮ್ಮ ಹೊತ್ತು ಹಾಳು ಮಾಡಿದ್ವಿ" ಎಂದು ಬಾಗಿಲ ಕಡೆ ತಿರುಗಬೇಕು. ಹಿಂದೆ ನೋಡಬಾರದು. ಹೆಣದ ಹಿಂದೆ ಹೋಗುವಷ್ಟು ನಿಧಾನವಾಗಿ ಗೇಟಿನ ಕಡೆ ನಡೆಯಬೇಕು. ಗೇಟು ಸಿಗುವ ಮೊದಲೇ ಬೆನ್ನ ಹಿಂದೆ ಜಲ್ಲಿಕಲ್ಲಿನ ಮೇಲೆ ಅಂಗಡಿಯವನ ಬೂಟು ಕೇಳಿಸುತ್ತದೆ. ಹೆಂಡತಿಗೂ ಒಂದು ಪಾತ್ರ ಉಂಟು: ಅವಳು ಕಾರಿನ ಪಕ್ಕ ಉಳಿಯಬೇಕು, ಬಾನೆಟ್ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಡಬೇಕು, ಆಮೇಲೆ ಗಂಡನ ಹಿಂದೆ ಹೊರಡಬೇಕು. ತೊಂಬತ್ನಾಲ್ಕರಲ್ಲಿ ನಾನು ಎರಡು ನಿಟ್ಟುಸಿರಿಗೆ ಆರುನೂರು ಡಾಲರ್ ಇಳಿಸಿದ್ದೆ; ಟೈ ಕಟ್ಟಿದ ದಪ್ಪನೆಯ ಮನುಷ್ಯ ಏದುಸಿರು ಬಿಡುತ್ತ ಓಡಿಬಂದು ಮ್ಯಾಟನ್ನೂ ಸೇರಿಸಿ ಕೊಟ್ಟಿದ್ದ. ಎರಡು ಸಾವಿರದ ಆರರಲ್ಲಿ ಅಂಗಡಿಯವನು ಅರ್ಧದವರೆಗೆ ಮಾತ್ರ ಬಂದು ಕೂಗಿ ಕರೆದಿದ್ದ. ಅದೇ ಒಂದು ಸೂಚನೆ ಎಂದು ನಮಗೆ ಹೊಳೆಯಬೇಕಿತ್ತು.

"ಸರಿ ಹಾಗಾದ್ರೆ" ಎಂದ ನೆವ್, ಎದ್ದು. "ನಿಮ್ಮ ಹೊತ್ತು ಹಾಳು ಮಾಡಿದ್ವಿ."

"ಪರವಾಗಿಲ್ಲ ನೆವ್" ಎಂದಳು ಟಾಲಿಯಾ. "ಹುಷಾರಾಗಿ ಹೋಗಿ. ಬಿಸಿಲಿದೆ, ನೀರಿನ ಬಾಟ್ಲಿ ಬೇಕಾ?"

ಅವನ ಅಪ್ಪ ನೀರಿನ ಬಾಟಲಿಯ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ. ನೆವ್ ನಡೆಯತೊಡಗಿದ.

ನಾನು ಹೊರಗೆ ಬಂದು ಬಿಳಿ ಕಾರಿನ ಪಕ್ಕ ನಿಂತೆ, ಬಾನೆಟ್ ಮೇಲೆ ಕೈಯಿಟ್ಟೆ. ಕೈ ಸುಟ್ಟಿತು. ಟಾಲಿಯಾ ನೆರಳಿನ ಅಂಚಿನವರೆಗೆ ಬಂದು, ದೂರ ಸಾಗುತ್ತಿದ್ದ ನೆವ್‌ನ ಬೆನ್ನನ್ನೇ ನೋಡಿದಳು.

"ಅವ್ರ ಕಾಲಿಗೇನಾದ್ರೂ ನೋವಾ?"

"ಇಲ್ಲ. ನೀನು ಓಡಿಬರೋಕೆ ಸಮಯ ಕೊಡ್ತಿದಾನೆ."

"ನಾನ್ಯಾಕೆ ಓಡ್ಲಿ?"

ಎಷ್ಟು ಸರಳವಾದ ಪ್ರಶ್ನೆ. ನಾನು ಅವಳಿಗೆ ವಿದ್ಯೆಯನ್ನೆಲ್ಲ ವಿವರಿಸಿದೆ, ನಿಟ್ಟುಸಿರಿನ ಸಮೇತ. ಅವಳು ನಗಲಿಲ್ಲ, ಅದೊಂದು ಒಳ್ಳೆಯತನ. "ನನ್ನ ಅಜ್ಜನೂ ಹಂಗೇ. ಬ್ರೆಡ್ ಅಂಗಡೀಲೂ ಮಾಡ್ತಾನೆ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನೋಡಿ ಲೊರೆಲ್, ಇದನ್ನ ಎಲ್ಲ ಮಾರಾಟದೋರೂ ಹೇಳ್ತಾರೆ. ನಾನೂ ದಿನಾ ಹೇಳ್ತೀನಿ. ಆದ್ರೆ ಇವತ್ತು ಹೇಳ್ತಿರೋದು ನಿಜ. ಅಂಗಳದಲ್ಲಿ ಉಳಿದಿರೋದು ಇದೊಂದೇ. ಬರ್ಕ್‌ನಿಂದ ಒಬ್ಬ ಮೇಷ್ಟ್ರು ನಾಳೆ ನೋಡೋಕೆ ಬರ್ತಾರೆ. ಕಾರು ತರೋ ಮುಂದಿನ ಹಡಗು ಜೂನ್‌ಗೆ. ಮಾರ್ಚ್ ಒಂದಕ್ಕೆ ಬೆಲೆ ಸಾವಿರದ ಇನ್ನೂರು ಏರುತ್ತೆ." ಕೈಯಲ್ಲಿದ್ದ ಫೋನು ತಿರುಗಿಸಿ ಕಂಪನಿಯ ಪತ್ರ ತೋರಿಸಿದಳು. ನಿಜವೇ ಇತ್ತು.

ಜೂನ್! ಆ ಹೆಸರು ಕೇಳಿದ್ದೇ ನನ್ನ ಪಿತ್ತ ನೆತ್ತಿಗೇರಿತು.

ಗೇಟಿನ ಕಡೆ ನೋಡಿದೆ. ನೆವ್ ಅಲ್ಲಿ ತಲುಪಿದ್ದ. ತಲುಪಬಾರದಾಗಿತ್ತು, ತಲುಪಿದ ಮೇಲೇನು ಎನ್ನುವುದು ವಿದ್ಯೆಯಲ್ಲಿ ಇಲ್ಲ. ಒಂದು ಜೇಬು ತಡಕಿದ, ಇನ್ನೊಂದು ಜೇಬು ತಡಕಿದ. ಆಮೇಲೆ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಅವನು ಹಾಕಿದ್ದದ್ದು ಪಕ್ಕದಲ್ಲಿ ಎಲಾಸ್ಟಿಕ್ ಇರುವ ಬೂಟು. ಅದಕ್ಕೆ ಲೇಸೇ ಇರಲಿಲ್ಲ. ಒಂದು ಕಾಲಿಗೆ ಕಟ್ಟಿದ, ಇನ್ನೊಂದಕ್ಕೆ ಕಟ್ಟಿದ, ಮತ್ತೆ ಮೊದಲಿನದಕ್ಕೆ ಬಂದ.

ಅವನನ್ನು ಕಂಡು ಪಾಪ ಎನಿಸಿತು, ಸುಳ್ಳು ಹೇಳಲಾರೆ. ಸಿಟ್ಟೂ ಬಂತು. ನಾನು ಅವನ ಹಿಂದೆ ಹೋಗಿದ್ದರೆ ನಾವಿಬ್ಬರೂ ಟ್ರಕ್ಕಿನಲ್ಲಿ ಕೂತು, ಐದು ನಿಮಿಷ ಇಂಜಿನ್ ಗುರುಗುಟ್ಟಿಸಿ, ಆಮೇಲೆ ಮಾನ ಉಳಿಸಿಕೊಳ್ಳಲು ನಿಜವಾಗಿಯೂ ಹೊರಟುಬಿಡುತ್ತಿದ್ದೆವು. ಸೋಮವಾರ ಈನಿಡ್ ಕಿಟಕಿಯ ಬಳಿ ಕೂತು, ಬಂದವಳಿಗೆ ಬಿಸ್ಕತ್ತು ಕೊಟ್ಟು ಸುಳ್ಳು ಹೇಳುತ್ತಿದ್ದಳು.

"ಶುಕ್ರವಾರದೊಳಗೆ ಕೈಗೆ ಸಿಗುತ್ತಾ?" ಎಂದೆ.

"ಇವತ್ತು ಸಹಿ ಹಾಕಿ ಸಾವಿರ ಮುಂಗಡ ಕೊಟ್ರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಉಳಿದದ್ದು ಬ್ಯಾಂಕಿಂದ ಗುರುವಾರ ಬಂದ್ರೆ ಸಾಕು."

"ಒಂದು ಮ್ಯಾಟ್ ಆದ್ರೂ ಸೇರಿಸ್ತೀಯಾ?"

"ಮ್ಯಾಟಿಗೆ ಇನ್ನೂರ ನಲವತ್ತು."

"ಬೇಡ ಬಿಡು. ಪೆನ್ನು ಕೊಡು."

ಇಪ್ಪತ್ತೊಂಬತ್ತು ಸಾವಿರದ ಮೇಲಿನದಕ್ಕೆ ದಾರಿ ಒಂದೇ ಇತ್ತು. ನೆವ್ ತನ್ನ ಮೀನಿನ ದೋಣಿಗೆ ಮೋಟರು ಕೊಳ್ಳಲೆಂದು ಬೇರೆ ಖಾತೆಯಲ್ಲಿ ಎತ್ತಿಟ್ಟಿದ್ದ ಮೂರು ಸಾವಿರ. ಖಾತೆ ಇಬ್ಬರ ಹೆಸರಿನಲ್ಲೂ ಇತ್ತು, ಆಸೆ ಮಾತ್ರ ಅವನೊಬ್ಬನದು. ಒಂದು ಕ್ಷಣ ಪೆನ್ನು ಹಿಡಿದು ನಿಂತೆ. ಆಮೇಲೆ ಏಳು ಕಡೆ ಸಹಿ ಹಾಕಿದೆ.

ಟಾಲಿಯಾ ನನ್ನ ಜೊತೆ ಗೇಟಿನವರೆಗೂ ಬಂದಳು. ಜಲ್ಲಿಕಲ್ಲಿನ ಸದ್ದು ಕೇಳಿ ನೆವ್ ನೆಟ್ಟಗಾದ. ಬೆನ್ನು ತಿರುಗಿಸಿ ನಿಂತೇ ಇದ್ದ. ಆದರೆ ಅವನ ಕಿವಿಗಳು ಹಿಂದಕ್ಕೆ ಸರಿದದ್ದು ನನಗೆ ಕಂಡಿತು. ಅಪ್ಪನ ಮಾತು ಉಳಿಸಿದ ಮಗ.

"ಒಳ್ಳೇದಾಗ್ಲಿ ನೆವ್! ಶುಕ್ರವಾರ ಸಿಗೋಣ" ಎಂದು ಅವನ ಕೈ ಕುಲುಕಿ ಟಾಲಿಯಾ ವಾಪಸಾದಳು.

ಟ್ರಕ್ಕು ಹತ್ತಿ ಬಾಗಿಲು ಹಾಕಿಕೊಂಡದ್ದೇ ಅವನ ಮುಖ ಹಬ್ಬವಾಯಿತು. "ನೋಡ್ದ್ಯಾ? ನೋಡ್ದ್ಯಾ? ಕಂಪ್ಯೂಟರಂತೆ! ಎಷ್ಟಕ್ಕೆ ಇಳಿದ್ಲು?"

"ಇಳೀಲಿಲ್ಲ."

"ಅಂದ್ರೆ?"

"ಮೂವತ್ತೊಂದು ಸಾವಿರದ ನಾನೂರ ತೊಂಬತ್ತು."

"ಪೂರ್ತಿ?"

"ಪೂರ್ತಿ."

"ಮ್ಯಾಟು?"

"ಇಲ್ಲ."

"ಪೆಟ್ರೋಲ್ ಟ್ಯಾಂಕ್ ಆದ್ರೂ ತುಂಬಿಸಿ ಕೊಡ್ತಾಳಾ?"

"ಕಾಲು ಟ್ಯಾಂಕು."

ನಾರೊಮೈನ್ ಊರು ದಾಟಿದೆವು. ನಲವತ್ತು ಕಿಲೋಮೀಟರ್. ಹತ್ತಿಹೊಲಗಳು ಹಿಂದೆ ಸರಿದವು, ಎದುರಿಂದ ಉದ್ದದ ಲಾರಿಗಳು ಬಂದು ನಮ್ಮನ್ನು ಅಲ್ಲಾಡಿಸಿ ಹೋದವು.

"ಇನ್ನೆರಡು ನಿಮಿಷ ತಡೆದಿದ್ರೆ ಬರ್ತಿದ್ಲು ಕಣೇ" ಎಂದ ಕೊನೆಗೆ.

"ಬರ್ತಿರಲಿಲ್ಲ ಕಣೋ. ನೀನು ಲೇಸಿಲ್ದಿರೋ ಬೂಟಿಗೆ ಮೂರು ಸಲ ಲೇಸು ಕಟ್ಟಿದೆ. ನಾವಿಬ್ರೂ ನೋಡಿದ್ವಿ."

ಅವನ ಕತ್ತು ಕೆಂಪೇರಿತು.

"ಮೋಟರ್ ದುಡ್ಡೂ ಹೋಯ್ತಾ?"

"ಎರಡು ಸಾವಿರದ ಚಿಲ್ಲರೆ ಹೋಯ್ತು. ಉಳಿದದ್ರಲ್ಲಿ ಒಂದು ಒಳ್ಳೇ ಜೊತೆ ಹುಟ್ಟು ಬರುತ್ತೆ. ತೋಳಿಗೂ ಒಳ್ಳೇದು."

"ನಗಬೇಡ."

"ನಗ್ತಿಲ್ಲ ನೆವ್. ನಂಗೆ ಸಾಕಾಗಿದೆ. ಬೆಲೆ ಏರಿದ್ದಕ್ಕಲ್ಲ. ಅದು ನಮ್ಮನ್ನ ಕೇಳಿ ಏರಲ್ಲ. ನಾವು ಅದು ಇಳಿಯುತ್ತೆ ಅಂತ ನಿಂತ್ಕೊಂಡಿದ್ವಲ್ಲ, ಅದಕ್ಕೆ."

ಅವನು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡ. ಟ್ರಾಂಗಿಯ ಧಾನ್ಯದ ಕಣಜಗಳು ಬಂದವು, ಹೋದವು.

"ಒಂದು ಮಾತು ಹೇಳ್ಬಹುದಿತ್ತು ನೀನು, ಲೊರೆಲ್."

"ಆರು ವರ್ಷದಿಂದ ಹೇಳ್ತಾನೇ ಇದ್ದೀನಿ."

ನೆವರ್‌ಟೈರ್ ಎಂಬ ಊರಿನಲ್ಲಿ ಪೆಟ್ರೋಲಿಗೆ ನಿಲ್ಲಿಸಿದ. ನಾನು ಇಳಿಯಲಿಲ್ಲ. ಹಾಕಿಸಿ, ಒಳಗೆ ಹೋಗಿ ದುಡ್ಡು ಕೊಟ್ಟು ಬಂದ. ಬಂದವನು ಟ್ರಕ್ಕು ಹತ್ತದೆ, ಪಂಪಿನ ಪಕ್ಕದ ಬಕೆಟ್ಟಿನಿಂದ ಗಾಜು ಒರೆಸುವ ರಬ್ಬರ್ ಕೋಲನ್ನು ಎತ್ತಿಕೊಂಡ. ನೂರು ಕಿಲೋಮೀಟರ್ ಉದ್ದಕ್ಕೂ ಬಡಿದುಕೊಂಡು ಸತ್ತ ಮಿಡತೆಗಳು ಗಾಜಿನ ತುಂಬ ಹಳದಿಯಾಗಿ ಒಣಗಿ ಅಂಟಿದ್ದವು. ತಾನು ಓಡಿಸುವ ಕಡೆಯ ಗಾಜನ್ನು ಹಾಗೇ ಬಿಟ್ಟು ಅವನು ಸುತ್ತಿಕೊಂಡು ನನ್ನ ಕಡೆಗೆ ಬಂದ. ನನ್ನ ಮುಖ ನೋಡಲಿಲ್ಲ. ನೀರು ಹೊಯ್ದು, ಉಗುರಿನಿಂದ ಕೆರೆದು, ನನ್ನ ಎದುರಿನ ಗಾಜನ್ನು ಮೇಲಿಂದ ಕೆಳಗೆ ಉಜ್ಜತೊಡಗಿದ.